ಉತ್ತರ ಬಾರದಾಗ ಬಾಗಿಲು

ಕಾಲೇಜೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ಲ್ಯಾಬಿನ ಸ್ವಿಚ್‌ಗೆ 48 ಪೋರ್ಟ್‌ಗಳು. ಡಬ್ಬಿಯಿಂದ ತೆಗೆದ ದಿನ ಅದು ಎಲ್ಲರನ್ನೂ ನಂಬುತ್ತಿತ್ತು. ಯಾರು ಕೇಬಲ್ ಸಿಕ್ಕಿಸಿದರೂ ಒಳಗೆ ಬಿಡುತ್ತಿತ್ತು. ಅನುಮಾನಪಡುವುದನ್ನು ಅದಕ್ಕೆ ಕಲಿಸಿದವನು ನಾನು.

ಹಾಗೆ ಕಲಿಸುವ ಪದ್ಧತಿಗೆ 802.1ಎಕ್ಸ್ ಎಂದು ಹೆಸರು. ಐಇಇಇ ಸಂಸ್ಥೆ 2001ರಲ್ಲಿ ಮೊದಲು ಪ್ರಕಟಿಸಿದ ಮಾನದಂಡವಿದು. ಇದರಲ್ಲಿ ಮೂರು ಪಾತ್ರಗಳು. ಒಳಗೆ ಬರಲು ಕೇಳುವ ಕಂಪ್ಯೂಟರ್ 'ಸಪ್ಲಿಕೆಂಟ್', ಅಂದರೆ ಬೇಡಿಕೊಳ್ಳುವವನು. ಬಾಗಿಲಲ್ಲಿ ನಿಂತ ಸ್ವಿಚ್ 'ಅಥೆಂಟಿಕೇಟರ್'. ಒಳಗೆಲ್ಲೋ ಕುಳಿತು ಗುರುತು ಪರೀಕ್ಷಿಸುವುದು ರೇಡಿಯಸ್ ಸರ್ವರ್. ಗುರುತು ಸಾಬೀತಾಗುವವರೆಗೆ ಆ ಪೋರ್ಟಿನಲ್ಲಿ ಪರಿಚಯದ ಮಾತುಕತೆ ಬಿಟ್ಟರೆ ಇನ್ನೇನೂ ಸಾಗುವುದಿಲ್ಲ. ಯಾರು ಸರಿ, ಯಾರು ಅಲ್ಲ ಎಂಬುದು ಸ್ವಿಚ್‌ಗೆ ತಿಳಿಯದು. ಅತ್ತಣ ಮಾತನ್ನು ಇತ್ತ ಮುಟ್ಟಿಸಿ, ಬಂದ ಅಪ್ಪಣೆಯಂತೆ ನಡೆಯುತ್ತದೆ. "ನನ್ನ ಕೈಲಿ ಏನೂ ಇಲ್ಲ ಸ್ವಾಮಿ, ಮೇಲಿನವರು ಹೇಳಬೇಕು" ಎನ್ನುವ ಗುಮಾಸ್ತನ ಹಾಗೆ.

ಆ ಮೇಲಿನವರೇ ಮಾತಾಡದಿದ್ದರೆ? ಸರ್ವರ್ ಕೆಟ್ಟಾಗ ಬಾಗಿಲು ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದನ್ನು ಕಾನ್ಫಿಗರ್ ಮಾಡುವವನೇ ಮುಂಚಿತವಾಗಿ ತೀರ್ಮಾನಿಸಬೇಕು. ನಾನು ಹೆಚ್ಚು ಯೋಚಿಸದೆ 'ಮುಚ್ಚಿರಲಿ' ಎಂದುಕೊಂಡಿದ್ದೆ. ಸುರಕ್ಷತೆ ಎಂದರೆ ಅದೇ ತಾನೆ!

ಒಂದು ಸಂಜೆ ಸರ್ವರ್ ಕೆಟ್ಟಿತು. ಅಂದು ರಾತ್ರಿಯೊಳಗೆ ಪ್ರಾಜೆಕ್ಟ್ ವರದಿ ಕಳಿಸಬೇಕಿದ್ದ ಕೊನೆಯ ವರ್ಷದ ಹುಡುಗಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದಳು. ಮತ್ತೆ ಒಳಗೆ ಹೋಗಲಾಗಲಿಲ್ಲ. ಪಾಸ್‌ವರ್ಡ್ ಸರಿಯಿತ್ತು, ಸರಿ ಎನ್ನುವವರಿರಲಿಲ್ಲ. "ಸರ್, ನಾನು ಯಾರಂತ ನಿಮಗೆ ಗೊತ್ತಲ್ವಾ?" ಎಂದಳು. ಗೊತ್ತಿತ್ತು. ಮೂರು ವರ್ಷ ದಿನಾ ನೋಡಿದ ಮುಖ. ಕನ್ಸೋಲ್ ಕೇಬಲ್ ಹಾಕಿ ಅವಳ ಪೋರ್ಟ್ ಒಂದನ್ನು 'ಫೋರ್ಸ್ ಆಥರೈಸ್ಡ್' ಮಾಡಿದೆ. ಅವಳ ಕಣ್ಣಲ್ಲಿ ಕೃತಜ್ಞತೆ, ನನ್ನೊಳಗೆ ಸಣ್ಣ ಹೆಮ್ಮೆ.

ಸ್ವಲ್ಪ ಹೊತ್ತಿಗೆ ಮೊದಲ ವರ್ಷದ ಹುಡುಗನೊಬ್ಬ ಬಂದು, ಏನೂ ಕೇಳದೆ, ತೆರೆಯದ ಪರದೆಯನ್ನು ಎರಡು ಸಲ ನೋಡಿ ಎದ್ದು ಹೋದ. ಅವನಿಗೂ ಏನು ಕೆಲಸವಿತ್ತೋ. ನನಗೆ ಅವನ ಪರಿಚಯವಿರಲಿಲ್ಲ. ಕೇಳಬಹುದು ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಅಂದು ಮನೆಗೆ ನಡೆಯುವಾಗ ಹೆಮ್ಮೆ ಇಳಿದಿತ್ತು. ಯಂತ್ರಕ್ಕೆ ಕರುಣೆಯಿಲ್ಲ ಎಂದು ದೂರುತ್ತೇವೆ. ಆದರೆ ನನ್ನ ಕರುಣೆ ಪರಿಚಯದವರ ಕಡೆಗೇ ವಾಲಿತ್ತಲ್ಲ? ಸ್ವಿಚ್ ಇಬ್ಬರನ್ನೂ ಒಂದೇ ಸಮನಾಗಿ ತಡೆದಿತ್ತು. ಭೇದ ಮಾಡಿದವನು ನಾನು. ಹಾಗೆಂದು ಇಬ್ಬರನ್ನೂ ಹೊರಗಿಡುವುದೂ ನ್ಯಾಯವಲ್ಲ. ಅವರಿಬ್ಬರೂ ತಪ್ಪು ಮಾಡಿರಲಿಲ್ಲ, ಕೆಟ್ಟಿದ್ದು ನಮ್ಮ ಸರ್ವರ್.

ಮರುದಿನ ಕಾನ್ಫಿಗರೇಶನ್ ಬದಲಿಸಿದೆ. ಸರ್ವರ್ ಉತ್ತರಿಸದಿದ್ದರೆ ಎಲ್ಲ ಪೋರ್ಟ್‌ಗಳೂ ಒಂದು ಬೇರೆ ವಿಲ್ಯಾನ್‌ಗೆ ತೆರೆಯುತ್ತವೆ. ಅಲ್ಲಿಂದ ಇಂಟರ್‌ನೆಟ್ ಸಿಗುತ್ತದೆ, ವರದಿ ಕಳಿಸಬಹುದು. ಅಂಕಪಟ್ಟಿಯ ಕಡೆಗೆ ದಾರಿಯಿಲ್ಲ. ಸರ್ವರ್ ಎದ್ದ ಮೇಲೆ ಎಲ್ಲರೂ ಮತ್ತೆ ಗುರುತು ಹೇಳಬೇಕು. ಇದರಲ್ಲೂ ಅಪಾಯವಿದೆ: ಆ ಹೊತ್ತಿನಲ್ಲಿ ಅಪರಿಚಿತನೊಬ್ಬ ನುಸುಳಬಹುದು. ಅಷ್ಟು ಅಪಾಯವನ್ನು ಒಪ್ಪಿಕೊಂಡೇ ಆ ಸಾಲುಗಳನ್ನು ಬರೆದೆ.

ಕೇಳಿದವರಿಗೆ ಮಾತ್ರ ಸಿಗುವ ದಯೆ ಉಪಕಾರವಾಗಬಹುದು, ನ್ಯಾಯವಾಗದು. ಕೇಳಲು ಬಾರದವನಿಗೂ ಅದು ಸಿಗಬೇಕಾದರೆ, ಅವನು ಬರುವ ಮೊದಲೇ ಅದನ್ನು ನಿಯಮದಲ್ಲಿ ಬರೆದಿಟ್ಟಿರಬೇಕು.