ಎಣಿಕೆಯ ಸತ್ಯ, ಕಾಲದ ಸತ್ಯ

ಮಾತು ಸುಳ್ಳಾಡಬಹುದು, ಅಂಕೆ ಸುಳ್ಳಾಡದೆಂಬುದು ಲೋಕದ ನಂಬಿಕೆ. ಆದರೆ ಒಂದನ್ನೂ ಬಿಡದೆ ಎಣಿಸಿದವನು ತಪ್ಪಿಗೆ ಗುರಿಯಾಗಿ, ನಡುವೆ ಕೆಲವು ಅಂಕೆಗಳನ್ನು ಬಿಟ್ಟು ಎಣಿಸಿದವನು ಸತ್ಯಕ್ಕೆ ಸಮೀಪನಾಗುವ ಪ್ರಸಂಗಗಳೂ ಉಂಟು. ಟೆಲಿವಿಷನ್ ಪ್ರಸಾರದ ಕಾಲಗಣನೆಯಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ.

ತೆರೆಯ ಮೇಲೆ ಚಲಿಸುವಂತೆ ತೋರುವುದು ವಸ್ತುತಃ ನಿಶ್ಚಲ ಚಿತ್ರಗಳ ಸಾಲು. ಅಂತಹ ಒಂದೊಂದು ಚಿತ್ರವೂ ಒಂದು ಫ್ರೇಮ್. ಬೇಕಾದ ಫ್ರೇಮನ್ನು ಹುಡುಕಿ ತೆಗೆಯುವುದಕ್ಕಾಗಿ ಪ್ರತಿಯೊಂದಕ್ಕೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ ಎಂಬ ಕ್ರಮದಲ್ಲಿ ಅಂಕೆಯನ್ನು ಕೊಡುವರು. ಇದಕ್ಕೆ ಟೈಂಕೋಡ್ ಎಂದು ಹೆಸರು. ಅಮೆರಿಕದಲ್ಲಿ ಮೊದಲು ಸೆಕೆಂಡಿಗೆ 30 ಫ್ರೇಮುಗಳಿದ್ದುವು. 1953ರಲ್ಲಿ ವರ್ಣಪ್ರಸಾರದ ಕ್ರಮವು ಅಂಗೀಕೃತವಾದಾಗ, ಮನೆಗಳಲ್ಲಿದ್ದ ಹಳೆಯ ಯಂತ್ರಗಳು ವ್ಯರ್ಥವಾಗಬಾರದು, ಬಣ್ಣದ ಅಲೆಗೂ ಧ್ವನಿಯ ಅಲೆಗೂ ತಾಕಲಾಟವಾಗಿ ಚಿತ್ರವೂ ಕೆಡಬಾರದು ಎಂದು ವೇಗವನ್ನು 1001ರಲ್ಲಿ ಒಂದು ಪಾಲಿನಷ್ಟು ತಗ್ಗಿಸಿದರು. ಅಂದಿನಿಂದ ಸೆಕೆಂಡಿಗೆ ಸುಮಾರು 29.97 ಫ್ರೇಮುಗಳಾದುವು.

ಫ್ರೇಮನ್ನು ತುಂಡಾಗಿ ಎಣಿಸಲಾಗದು. ಆದುದರಿಂದ 30 ತುಂಬಿದೊಡನೆ ಒಂದು ಸೆಕೆಂಡೆಂದೇ ಲೆಕ್ಕ ನಡೆಯಿತು. ಅದರ ಫಲವಾಗಿ ಟೈಂಕೋಡು ಒಂದು ಗಂಟೆಯನ್ನು ತೋರಿಸುವ ಹೊತ್ತಿಗೆ ಗೋಡೆಯ ಗಡಿಯಾರವು ಇನ್ನೂ 3.6 ಸೆಕೆಂಡು ಮುಂದೆ ಸಾಗಿರುತ್ತದೆ. ಕಾರ್ಯಕ್ರಮಗಳು ಕ್ಷಣ ತಪ್ಪದೆ ಆರಂಭವಾಗಬೇಕಾದ ಕಡೆ ಈ ಅಂತರ ಅಲ್ಪವಲ್ಲ. ಇದಕ್ಕೆ ಕಂಡುಕೊಂಡ ಪರಿಹಾರ ಹೀಗಿದೆ: ಪ್ರತಿ ನಿಮಿಷದ ಆದಿಯಲ್ಲಿ 00, 01 ಎಂಬ ಎರಡು ಫ್ರೇಮ್ ಅಂಕೆಗಳನ್ನು ಬಿಟ್ಟು ಎಣಿಸುವುದು, ಹತ್ತರಿಂದ ಭಾಗವಾಗುವ ನಿಮಿಷಗಳಲ್ಲಿ ಮಾತ್ರ ಬಿಡದಿರುವುದು. ಹೀಗೆ ಗಂಟೆಯೊಂದರಲ್ಲಿ 54 ಸಲ ಎರಡೆರಡರಂತೆ 108 ಅಂಕೆಗಳು ಕಳೆದು, ಲೆಕ್ಕವು ಗಡಿಯಾರವನ್ನು ಕೂಡಿಕೊಳ್ಳುತ್ತದೆ. ಈ ಕ್ರಮಕ್ಕೆ ಡ್ರಾಪ್ ಫ್ರೇಮ್ ಎಂದು ಹೆಸರಾಯಿತು. ಅಂದರೆ ಫ್ರೇಮನ್ನು ಬಿಡುವುದು. ಆದರೆ ಒಂದು ಫ್ರೇಮೂ ಬಿಟ್ಟುಹೋಗುವುದಿಲ್ಲ, ನೋಡುವವರು ಒಂದು ಚಿತ್ರವನ್ನೂ ಕಳೆದುಕೊಳ್ಳುವುದಿಲ್ಲ. ಬಿಡುವುದು ಹೆಸರನ್ನೇ ಹೊರತು ವಸ್ತುವನ್ನಲ್ಲ.

ಸೆಕೆಂಡಿಗೆ 25 ಫ್ರೇಮುಗಳ ಕ್ರಮವನ್ನು ಅನುಸರಿಸಿದ ಭಾರತದಲ್ಲಿ ಈ ತೊಡಕು ಹುಟ್ಟಲಿಲ್ಲ. ಆದರೂ ಇದರ ಮರ್ಮವು ಪಂಚಾಂಗವನ್ನು ಬಲ್ಲವರಿಗೆ ಹೊಸದಲ್ಲ. ಒಂದು ತಿಥಿಯು ಎರಡು ಸೂರ್ಯೋದಯಗಳ ನಡುವೆಯೇ ಹುಟ್ಟಿ ಮುಗಿದರೆ ಅದು ಕ್ಷಯತಿಥಿಯಾಗುತ್ತದೆ. ಪಂಚಮಿಯ ಮರುದಿನ ಸಪ್ತಮಿ ಬರುತ್ತದೆ. ಅದರಿಂದ ತಮ್ಮ ಆಯುಸ್ಸಿನಲ್ಲಿ ಒಂದು ಹಗಲು ಕಳೆದುಹೋಯಿತೆಂದು ಯಾರೂ ಮರುಗುವುದಿಲ್ಲ.

ಹಾಗಾದರೆ ಎಣಿಕೆಯನ್ನು ಹೀಗೆ ಬಾಗಿಸುವುದು ಸತ್ಯಕ್ಕೆ ದ್ರೋಹವಲ್ಲವೆ ಎಂದು ಕೇಳಬಹುದು. ಇಲ್ಲಿ ಸತ್ಯಗಳು ಎರಡು. ಎಷ್ಟು ಫ್ರೇಮುಗಳು ಸಂದುವೆಂಬುದು ಒಂದು. ಎಷ್ಟು ಕಾಲ ಸಂದಿತೆಂಬುದು ಇನ್ನೊಂದು. ಒಂದೇ ಅಂಕೆಯು ಎರಡಕ್ಕೂ ಸಾಕ್ಷಿ ಹೇಳಲಾರದು. ಯಾವುದಕ್ಕೆ ಸಾಕ್ಷಿಯೆಂಬುದನ್ನು ಮರೆಮಾಚಿದಾಗಲೇ ಅಸತ್ಯ ಹುಟ್ಟುವುದು. ಸೇರಿನ ಅಳತೆ ಊರಿಗೊಂದು ಬಗೆಯಾಗಿದ್ದ ಕಾಲದಲ್ಲಿ, ಇದು ಇಂತಹ ಊರಿನ ಸೇರೆಂದು ಹೇಳಿ ಅಳೆದ ವ್ಯಾಪಾರಿ ಮೋಸಗಾರನಾಗಲಿಲ್ಲ; ಹೇಳದೆ ಅಳೆದವನು ಆದನು. ಟೈಂಕೋಡಿನಲ್ಲಿಯೂ ಇಂತಹ ಹೇಳಿಕೆಯೊಂದುಂಟು. ಅಂಕೆ ಬಿಡುವ ಕ್ರಮವನ್ನು ಅನುಸರಿಸಿದಾಗ, ಫ್ರೇಮಿನ ಅಂಕೆಗೆ ಮುಂಚೆ ಎರಡು ಚುಕ್ಕೆಗಳಿಗೆ ಬದಲಾಗಿ ಅರ್ಧವಿರಾಮವನ್ನು ಹಾಕುವುದು ರೂಢಿ. ಆ ಸಣ್ಣ ಗುರುತೇ ಇಡೀ ವ್ಯವಸ್ಥೆಯ ಪ್ರಾಮಾಣಿಕತೆ. ಅದನ್ನು ಗಮನಿಸದೆ ಒಂದು ಕ್ರಮದ ಅಂಕೆಯನ್ನು ಮತ್ತೊಂದರದೆಂದು ಓದಿದವನ ಲೆಕ್ಕ ಗಂಟೆಗೆ 3.6 ಸೆಕೆಂಡು ತಪ್ಪುತ್ತದೆ.

ಇಷ್ಟಾದರೂ ಹೊಂದಾಣಿಕೆ ಪೂರ್ಣವಲ್ಲ. ದಿನವೊಂದಕ್ಕೆ ಸುಮಾರು ಎರಡೂವರೆ ಫ್ರೇಮಿನಷ್ಟು, ಅಂದರೆ ಸೆಕೆಂಡಿನ ಹತ್ತನೆಯ ಒಂದಂಶಕ್ಕೂ ಕಡಿಮೆಯಾದ ಅಂತರ ಉಳಿದೇ ಉಳಿಯುತ್ತದೆ. ಮನುಷ್ಯನ ಅಳತೆಗಳೆಲ್ಲಕ್ಕೂ ಇಂತಹ ಶೇಷವುಂಟು. ಶೇಷವಿರುವುದು ದೋಷವಲ್ಲ, ಶೇಷವಿಲ್ಲವೆಂದು ಸಾಧಿಸುವುದು ದೋಷ. ತನ್ನ ಲೆಕ್ಕ ಎಲ್ಲಿ ಬಾಗಿದೆಯೆಂದು ಗುರುತಿಟ್ಟು ತೋರಿಸಬಲ್ಲವನನ್ನು, ಬಾಗಿಯೇ ಇಲ್ಲವೆಂದು ಹಟ ಹಿಡಿಯುವವನಿಗಿಂತ ಹೆಚ್ಚಾಗಿ ನಂಬಬಹುದು.