ಪೆಟ್ಟಿಗೆಯಲ್ಲಿ ಉಳಿದ ಅಂಚೆಚೀಟಿ



ಮನೆಗೆ ಸುಣ್ಣ ಬಳಿಯಲೆಂದು ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದೆವು. ಬಾಲ್ಯದಲ್ಲಿ ನಾನೂ ತಮ್ಮನೂ ಸೇರಿ ಅಂಟಿಸಿದ್ದ ಅಂಚೆಚೀಟಿಗಳ ಪುಸ್ತಕ ಅದರಲ್ಲಿತ್ತು. 1964ರಲ್ಲಿ ಜಗದ್ಗುರು ಆರನೇ ಪೌಲರು ಮುಂಬಯಿಗೆ ಬಂದಾಗ ಹೊರತಂದ ಸಂತ ತೋಮರ ಚೀಟಿಯೂ ಇತ್ತು. ಅಂದು ಅದನ್ನು ತಮ್ಮ ನನಗೆ ಬಿಟ್ಟುಕೊಟ್ಟಿದ್ದ. ಮುಂದೆ ಮನೆ ಪಾಲಾದಾಗ ನಾನು ಅವನಿಗೆ ಗೇಣು ಜಾಗವನ್ನೂ ಬಿಡಲಿಲ್ಲ, ಮಾತೂ ನಿಂತಿತು.

ಮಾತೆ ಮರಿಯಮ್ಮನವರು ನಡೆದುದನ್ನೆಲ್ಲ ಮನದಲ್ಲಿಟ್ಟು ಧ್ಯಾನಿಸುತ್ತಿದ್ದರು (ಲೂಕ 2:19). ನಾವೋ ವಸ್ತುಗಳನ್ನು ಜೋಪಾನ ಮಾಡಿ, ಅವುಗಳ ಹಿಂದಿನ ಪ್ರೀತಿಯನ್ನು ಮರೆಯುತ್ತೇವೆ. ಮೊದಲು ಸಹೋದರನೊಡನೆ ರಾಜಿಯಾಗಿ, ಅನಂತರ ಕಾಣಿಕೆ ಅರ್ಪಿಸಲು ಪ್ರಭು ಹೇಳುತ್ತಾರೆ (ಮತ್ತಾಯ 5:23-24). ಈ ಭಾನುವಾರ ಪೂಜೆಗೆ ಮುಂಚೆ ಆ ಪುಸ್ತಕ ಹಿಡಿದು ತಮ್ಮನ ಮನೆಗೆ ಹೋಗುತ್ತೇನೆ. ನಿಮ್ಮ ಪೆಟ್ಟಿಗೆಯಲ್ಲಿ ಯಾರ ನೆನಪಿದೆ?

ಪ್ರಭುವೇ, ಮೊದಲ ಹೆಜ್ಜೆ ಇಡುವ ಬಲವನ್ನು ನಮಗೆ ದಯಪಾಲಿಸಿರಿ. ಆಮೆನ್.