ರೆಹಬ್ಬಾಮನು ಕೇಳಿದ ಸಲಹೆ

ಯಾರ ಮಾತನ್ನೂ ಕೇಳದೆ ಕೆಟ್ಟ ಅರಸನ ಉದಾಹರಣೆಯಾಗಿ ರೆಹಬ್ಬಾಮನ ಹೆಸರನ್ನು ಹೇಳುವುದುಂಟು. ನಿಜ ನೋಡಿದರೆ ಅವನು ಕೇಳಿದ್ದ. ಎರಡು ಗುಂಪಿನವರನ್ನು ಕೇಳಿದ, ಉತ್ತರ ಕೊಡಲು ಮೂರು ದಿನ ತೆಗೆದುಕೊಂಡ. ಆದರೂ ದಾವೀದನ ರಾಜ್ಯ ಇಬ್ಭಾಗವಾಯಿತು. ಹಾಗಾದರೆ ಎಡವಿದ್ದು ಎಲ್ಲಿ?

ಅರಸುಗಳ ಮೊದಲನೆಯ ಗ್ರಂಥದ 12ನೇ ಅಧ್ಯಾಯವನ್ನು ನಿಧಾನವಾಗಿ ಓದೋಣ. ಸೊಲೊಮೋನನ ಮಗನಿಗೆ ಪಟ್ಟ ಕಟ್ಟಲು ಇಸ್ರಯೇಲಿನ ಕುಲಗಳವರು ಶೆಕೆಮಿನಲ್ಲಿ ಸೇರಿದ್ದರು. ಅವರು ದಂಗೆ ಏಳಲು ಬಂದಿರಲಿಲ್ಲ. ತಂದೆ ಹೊರಿಸಿದ ನೊಗವನ್ನು ಸ್ವಲ್ಪ ಹಗುರ ಮಾಡಿದರೆ ಸೇವೆ ಮಾಡಿಕೊಂಡಿರುತ್ತೇವೆ ಎಂದರು, ಅಷ್ಟೇ. ಆ ಭಾರವೇನೂ ಸುಳ್ಳಲ್ಲ. ಸೊಲೊಮೋನ 30,000 ಜನರನ್ನು ಬಿಟ್ಟಿ ಹಿಡಿದು, ತಿಂಗಳಿಗೆ 10,000 ಜನರಂತೆ ಸರದಿಯಲ್ಲಿ ಲೆಬನೋನಿಗೆ ಕಳಿಸುತ್ತಿದ್ದ. ದೇವಾಲಯ ಕಟ್ಟಲು ಹಿಡಿದದ್ದು 7 ವರ್ಷ, ಅವನ ಅರಮನೆಗೆ 13 ವರ್ಷ!

ಸೊಲೊಮೋನನ ಬಳಿ ಇದ್ದ ಹಿರಿಯರು ಇದನ್ನೆಲ್ಲ ಕಣ್ಣಾರೆ ಕಂಡವರು. ಈ ದಿನ ನೀನು ಈ ಜನರ ಸೇವಕನಾಗು, ಒಳ್ಳೆಯ ಮಾತಾಡು, ಅವರು ಎಂದೆಂದಿಗೂ ನಿನ್ನವರಾಗಿರುತ್ತಾರೆ ಎಂದು ಬುದ್ಧಿ ಹೇಳಿದರು. ಅದು ಅರಸನಿಗೆ ಹಿಡಿಸಲಿಲ್ಲ. ತನ್ನೊಂದಿಗೆ ಬೆಳೆದ ಗೆಳೆಯರನ್ನು ಕರೆದ. ಗ್ರಂಥ ಅವರನ್ನು ಯುವಕರು ಎನ್ನುತ್ತದೆ. ಆದರೆ ಪಟ್ಟಕ್ಕೆ ಬಂದಾಗ ರೆಹಬ್ಬಾಮನಿಗೆ 41 ವರ್ಷವೆಂದು 14ನೇ ಅಧ್ಯಾಯದಲ್ಲಿದೆ. ನಮ್ಮ ಯುವಜನರನ್ನು ಗದರಿಸಲು ಈ ವಾಚನವನ್ನು ಬಳಸುವವರು ಇದನ್ನು ಗಮನಿಸಬೇಕು.

ಇನ್ನೊಂದು ಸಣ್ಣ ಮಾತಿದೆ. ಹಿರಿಯರನ್ನು ಕೇಳುವಾಗ, ಈ ಜನಕ್ಕೆ ಏನು ಉತ್ತರ ಕೊಡಬೇಕೆನ್ನುತ್ತೀರಿ ಎಂದು ಕೇಳುತ್ತಾನೆ. ಗೆಳೆಯರನ್ನು ಕೇಳುವಾಗ ‘ನಾವು’ ಏನು ಉತ್ತರ ಕೊಡೋಣ ಎಂದು ಕೇಳುತ್ತಾನೆ. ಆ ‘ನಾವು’ ಎಂಬಲ್ಲೇ ತೀರ್ಮಾನ ಮುಗಿದಿತ್ತು. ಹಿರಿಯರು ಹೊರಗಿನವರು, ಹೊರಗೆ ಕಾದು ನಿಂತ ಜನ ಇನ್ನೂ ಹೊರಗಿನವರು. ಗರ್ವವೆಂದರೆ ಎದೆಯುಬ್ಬಿಸಿ ನಡೆಯುವುದೆಂದು ನಾವು ತಿಳಿದಿದ್ದೇವೆ. ಇಲ್ಲಿ ಅದು ಸಲಹೆ ಕೇಳುವ ವಿನಯದ ವೇಷದಲ್ಲೇ ಬಂದಿದೆ. ತಂದೆ ಚಾವಟಿ ಹಿಡಿದಿದ್ದರೆ ತಾನು ಚೇಳು ಹಿಡಿಯುತ್ತೇನೆಂದು ಉತ್ತರ ಕೊಟ್ಟ. ಜನ ತಿರುಗಿ ಬಿದ್ದ ಮೇಲೆ ಯಾರನ್ನು ಕಳಿಸಿದ? ಬಿಟ್ಟಿಕೆಲಸದ ಮೇಲ್ವಿಚಾರಕ ಅದೋರಾಮನನ್ನು! ಜನ ಅವನನ್ನು ಕಲ್ಲೆಸೆದು ಕೊಂದರು. ಅರಸ ರಥ ಹತ್ತಿ ಜೆರುಸಲೇಮಿಗೆ ಓಡಿಹೋದ.

ಬೇರೆಯಾಗಿ ಹೋದವರು ಅಷ್ಟಕ್ಕೇ ನೀತಿವಂತರಾಗಲಿಲ್ಲ. ಆರಾಧನೆಗೆಂದು ಜೆರುಸಲೇಮಿಗೆ ಹೋದ ಜನ ಮತ್ತೆ ರೆಹಬ್ಬಾಮನ ಕಡೆ ವಾಲಿಯಾರೆಂದು ಹೆದರಿ, ಯಾರೊಬ್ಬಾಮನೂ ಆಲೋಚನೆ ಮಾಡಿ, ಬೇತೇಲಿನಲ್ಲಿ ಒಂದು, ದಾನಿನಲ್ಲಿ ಒಂದು ಚಿನ್ನದ ಕರುವನ್ನು ನಿಲ್ಲಿಸಿದ.

ಎರಡು ಮೂರು ಭಾಷೆಗಳಲ್ಲಿ ಬಲಿಪೂಜೆ ನಡೆಯುವ ಧರ್ಮಕ್ಷೇತ್ರದಲ್ಲಿ ಕನ್ನಡದವರಾದ ನಾವು ಕೆಲವೇ ಮಂದಿ. ಈ ಕಥೆ ಓದಿದೊಡನೆ ಶೆಕೆಮಿನ ಜನರ ಪಕ್ಕದಲ್ಲಿ ನಿಲ್ಲಬೇಕೆನಿಸುತ್ತದೆ. ನಮ್ಮ ಮಾತಿನಲ್ಲಿ ಪೂಜೆ ಬೇಕು, ಮಕ್ಕಳಿಗೆ ಧರ್ಮೋಪದೇಶ ಬೇಕು ಎಂದು ಕೇಳುವುದು ನ್ಯಾಯವೇ. ಆದರೆ ನಮ್ಮದೇ ಸಭೆ ಕೂಡಿದಾಗ ‘ನಾವು’ ಎಂದರೆ ಯಾರು? ಹಿಂದಿನ ಬೆಂಚಿನಲ್ಲಿ ಕೂರುವವರೂ ಕೂಲಿಗೆ ಬಂದು ನೆಲೆಸಿದ ಮನೆಯವರೂ ಆ ಲೆಕ್ಕದಲ್ಲಿ ಇದ್ದಾರೆಯೇ?

ಆದಿಸಭೆಯಲ್ಲೂ ಭಾಷೆಯ ದೂರು ಬಂದಿತ್ತು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗೊಣಗಾಟ ಎದ್ದಿತು. ಪ್ರೇಷಿತರು ತಮ್ಮತಮ್ಮಲ್ಲೇ ತೀರ್ಮಾನಿಸದೆ ಶಿಷ್ಯರೆಲ್ಲರನ್ನೂ ಕರೆದು, ಏಳು ಮಂದಿಯನ್ನು ನೀವೇ ಆರಿಸಿ ಎಂದರು. ಪ್ರೇಷಿತರ ಕಾರ್ಯಕಲಾಪಗಳು 6ನೇ ಅಧ್ಯಾಯದಲ್ಲಿ ಆ ಏಳು ಹೆಸರುಗಳಿವೆ. ಸ್ತೇಫನನಿಂದ ಹಿಡಿದು ನಿಕೋಲಾಸನವರೆಗೆ ಏಳೂ ಗ್ರೀಕ್ ಹೆಸರುಗಳು.